ಖಾಲಿ ಮಾಡದ ಬುಟ್ಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ಶುಕ್ರವಾರ ನಡೆದದ್ದರಲ್ಲಿ ಅರ್ಧ ತಪ್ಪು ನನ್ನ ಸಿಟ್ಟಿನದ್ದು, ಉಳಿದರ್ಧ ನಾನೇ ಬರೆದ ಐವತ್ತು ಸಾಲಿನ ಒಂದು ಪ್ರೋಗ್ರಾಂ ತುಂಡಿನದ್ದು. ಇವೆರಡನ್ನು ಕೂಡಿಸಿದರೂ ಲೆಕ್ಕಕ್ಕೆ ಸಿಗದ ಮೂರನೆಯ ತಪ್ಪೊಂದಿದೆ. ಅದನ್ನು ಹೇಳಲು ನನಗೆ ಇವತ್ತಿಗೂ ನಾಚಿಕೆ.

ನಾವಿರುವುದು ಕೊಲ್ಲಿ ದೇಶದಲ್ಲಿ, ಮನಾಮದ ಮಾಹೂಝ್ ಬಡಾವಣೆಯ ಒಂದು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ. ಮನೆಯ ಮಾತು ಕೊಂಕಣಿ, ಅದರಲ್ಲಿ ಗಂಡ ಹೆಂಡತಿ ಇಬ್ಬರದ್ದೂ ಏಕವಚನ. ಒಂಬತ್ತು ವರ್ಷದ ಮಗಳದ್ದು ಇಂಗ್ಲಿಷ್. ಹೊರಗೆ ಊರಿನವರು ಸಿಕ್ಕರೆ ಕನ್ನಡ, ಇಲ್ಲವೆ ತುಳು. ಗಂಡನಿಗೆ ಸಿತ್ರಾದ ಒಂದು ಗ್ಯಾಸ್ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಲೋಡಿಂಗ್ ಯಾರ್ಡಿನಲ್ಲಿ ಟ್ಯಾಂಕರುಗಳಿಗೆ ಗ್ಯಾಸ್ ತುಂಬಿಸುವ ಎಂಟು ಜನರ ತಂಡ ಅವನದ್ದು. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು ನಮ್ಮ ಬೀದಿಯ ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಯ ಎದುರು ಬಂದು ನಿಲ್ಲುತ್ತದೆ. ನಾನು ಮನಾಮದ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿ. ಅಲ್ಲಿ ನಾವು ಒಟ್ಟು ಒಂಬತ್ತು ಜನ.

ಆ ವರ್ಷ ಆಫೀಸಿಗೆ ಸಿಕ್ಕಿದ ದೊಡ್ಡ ಕೆಲಸ ಗಂಡನ ಕಾರ್ಖಾನೆಯದ್ದೇ. ಗ್ಯಾಸ್ ಸೋರಿದರೆ ಸೈರನ್ ಊದಿಸುವ ಪ್ರೋಗ್ರಾಂ. ಕಂಟ್ರೋಲ್ ರೂಮಿಗೊಂದು, ಕ್ಯಾಂಟೀನಿಗೊಂದು, ಯಾರ್ಡಿಗೊಂದು, ಹೀಗೆ ಮೂರು ಸೈರನ್. ಯಾರ್ಡಿನಲ್ಲಿ ಅಪಾಯ ಜಾಸ್ತಿ ಎಂದು ಅದಕ್ಕೆ ಮಾತ್ರ ಎರಡು ಲೈನು. ಮೊದಲನೆಯದು ಸತ್ತಿದ್ದರೆ ಪ್ರೋಗ್ರಾಂ ತಾನಾಗಿ ಎರಡನೆಯದರಲ್ಲಿ ಊದಿಸಬೇಕು. "ಇನ್ನು ನನ್ನ ಜೀವ ನಿನ್ನ ಕೈಯಲ್ಲಿ" ಎಂದು ಗಂಡ ತಮಾಷೆ ಮಾಡಿದ್ದ. "ಮದುವೆ ಆದಾಗಿಂದ ಅಲ್ಲೇ ಉಂಟಲ್ಲ" ಎಂದು ನಾನು ತಿರುಗಿಸಿ ಹೇಳಿದ್ದೆ.

ಇಂಥ ಪ್ರೋಗ್ರಾಂ ಸರಿಯಿದೆಯೋ ಇಲ್ಲವೋ ಎಂದು ನೋಡಲು ಆಫೀಸಿನಲ್ಲಿ ನಿಜವಾದ ಸೈರನ್ ಊದಿಸಲು ಆಗುತ್ತದೆಯೇ? ಕೆಳಗಿನ ಅಂಗಡಿಯ ದರ್ಜಿ ಕತ್ತರಿ ಸಮೇತ ಮೇಲೆ ಓಡಿಬಂದಾನು. ಹಾಗಾಗಿ ಪರೀಕ್ಷೆಗೆಂದು ಒಂದು ಸುಳ್ಳು ಸೈರನ್ ಇಟ್ಟುಕೊಳ್ಳುತ್ತೇವೆ. ಅದು ಊದುವುದಿಲ್ಲ. ಊದು ಎಂದರೆ "ಯಾರ್ಡ್ ಸೈರನ್ ಊದಿತು" ಎಂದು ಒಂದು ಸಾಲು ಬರೆದು ಕೊಡುತ್ತದೆ, ಅಷ್ಟೇ. ಆ ಸಾಲುಗಳನ್ನೆಲ್ಲ ಹಿಡಿದು ಒಟ್ಟುಮಾಡಲು ಒಂದು ಹೆಲ್ಪರ್ ಕ್ಲಾಸ್, ಅಂದರೆ ಸಣ್ಣದೊಂದು ಪ್ರೋಗ್ರಾಂ ತುಂಡು ಬೇಕು. ಅದನ್ನು ಬರೆದವಳು ನಾನು. ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿತ್ತು, ನಾವು ಕರೆಯುತ್ತಿದ್ದದ್ದು ಬುಟ್ಟಿ ಎಂದು. ಪರೀಕ್ಷೆಯ ಕೊನೆಗೆ ಬುಟ್ಟಿಯನ್ನು ಕೇಳುವುದು: ಯಾರ್ಡ್ ಸೈರನ್ನಿನ ಸಾಲು ನಿನ್ನಲ್ಲಿ ಉಂಟಾ? ಉಂಟು ಎಂದರೆ ಪರದೆಯ ಮೇಲೆ ಹಸಿರು, ಇಲ್ಲ ಎಂದರೆ ಕೆಂಪು. ಒಂದು ಪರೀಕ್ಷೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಬುಟ್ಟಿಯನ್ನು ಖಾಲಿ ಮಾಡಬೇಕು. ಇದು ಮೀನು ಮಾರುವವಳಿಗೂ ಗೊತ್ತಿರುವ ವಿಷಯ. ನಿನ್ನೆಯ ಮೀನಿನ ಮೇಲೆ ಇವತ್ತಿನದ್ದನ್ನು ಸುರಿಯುವವರು ಯಾರಿದ್ದಾರೆ?

ಮೊದಮೊದಲು ಅದು ಖಾಲಿಯಾಗುತ್ತಲೂ ಇತ್ತು. ಖಾಲಿ ಮಾಡುವ ಸಾಲನ್ನು ಅಳಿಸಿದವಳು ನಾನೇ. ಕಾರಣ ಪೇಪರು. ಕಾರ್ಖಾನೆಯವರಿಗೆ ಪರದೆಯ ಹಸಿರು ಸಾಲದು. ಎಲ್ಲ ಪರೀಕ್ಷೆಗಳಲ್ಲಿ ಬಂದ ಒಂದೊಂದು ಸಾಲೂ ಪ್ರಿಂಟಾಗಬೇಕು, ಪ್ರತಿ ಹಾಳೆಯ ಅಡಿಗೆ ಸಹಿ ಬೇಕು, ಸಹಿಯ ಮೇಲೆ ಕಂಪನಿಯ ನೀಲಿ ಸೀಲು ಬೀಳಬೇಕು. ಇಲ್ಲಿ ಸೀಲಿಲ್ಲದ ಕಾಗದವನ್ನು ಯಾರೂ ಮುಟ್ಟುವುದಿಲ್ಲ. ಬುಟ್ಟಿ ಪ್ರತಿ ಸಲ ಖಾಲಿಯಾದರೆ ಕೊನೆಗೆ ಪ್ರಿಂಟ್ ಮಾಡಲು ಏನು ಉಳಿಯುತ್ತದೆ? ಮರುದಿನ ಪೇಪರು ಕೊಡಬೇಕಿತ್ತು. ಸಂಜೆ ನಾಲ್ಕಕ್ಕೆ ಆ ಒಂದು ಸಾಲನ್ನು ಅಳಿಸಿ, ಎಲ್ಲವೂ ಒಂದೇ ಬುಟ್ಟಿಯಲ್ಲಿ ಬೀಳಲಿ ಎಂದು ಬಿಟ್ಟೆ. ನಲವತ್ತು ಹಾಳೆ ಬಂತು, ಎಲ್ಲ ಪಾಸ್. ನಲವತ್ತಕ್ಕೂ ಸಹಿ ಹಾಕಿದೆ. ಸೀಲು ಒತ್ತಿ ಒತ್ತಿ ನೀಲಿಯಾದ ಅಂಗೈಯನ್ನು ಮನೆಗೆ ಬಂದು ಗಂಡನಿಗೆ ತೋರಿಸಿದ್ದೆ.

ನಮ್ಮ ಆಫೀಸಿನ ಒಂದು ಪದ್ಧತಿಯನ್ನೂ ಇಲ್ಲಿ ಹೇಳಬೇಕು. ಯಾರ ಕೆಲಸದಿಂದ ಪರೀಕ್ಷೆ ಕೆಂಪಾಗುತ್ತದೋ ಅವರು ಮರುದಿನ ಎಲ್ಲರಿಗೂ ಸಮೋಸಾ ತರಬೇಕು. ಯಾಕೆ ಕೆಂಪಾಯಿತು ಎಂದು ನಿಂತು ಹೇಳಬೇಕು, ಆಮೇಲೆ ಹಂಚಬೇಕು. ತಪ್ಪು ಮಾಡಿದವರು ತಿನ್ನುವಂತಿಲ್ಲ, ತೊಂದರೆಗೆ ಸಿಕ್ಕಿದವರು ಮಾತ್ರ ತಿನ್ನುವುದು. ಎರಡು ಸಮೋಸಾ ಹೆಚ್ಚು ಉಳಿದರೂ ತಂದವರ ಬಾಯಿಗೆ ಇಲ್ಲ. ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ತಂದವಳಲ್ಲ, ತಿಂದವಳು. ಆ ಜಂಬ ನನಗೆ ಚೆನ್ನಾಗಿಯೇ ಇತ್ತು, ಮನೆಯಲ್ಲೂ ಕೊಚ್ಚಿಕೊಳ್ಳುತ್ತಿದ್ದೆ.

ಪೇಪರು ಕೊಟ್ಟ ಮರುವಾರ ನಮ್ಮ ಆಫೀಸಿನ ಉಳ್ಳಾಲದವ ನನ್ನ ಮೇಜಿನ ಹತ್ತಿರ ಬಂದ. ನನಗಿಂತ ಐದಾರು ವರ್ಷ ಚಿಕ್ಕವ, ಬ್ಯಾರಿ ಮುಸಲ್ಮಾನ, ಹೆಂಡತಿ ಮಕ್ಕಳ ಜೊತೆ ಗುದೈಬಿಯಾದಲ್ಲಿ ಸಂಸಾರ. ಮಾತು ಕಡಿಮೆ, ಕೆಲಸ ಚೊಕ್ಕ.

"ಅಕ್ಕಾ, ಯಾರ್ಡಿನ ಎರಡನೇ ಲೈನಿನ ಟೆಸ್ಟ್ ಉಂಟಲ್ಲ, ಅದನ್ನು ಒಂದೇ ಓಡಿಸಿದ್ರೆ ಕೆಂಪು ಬರ್ತದೆ. ಎಲ್ಲಾ ಒಟ್ಟಿಗೆ ಓಡಿಸಿದ್ರೆ ಹಸಿರು."

"ಹಾಗಾದ್ರೆ ಒಂದೇ ಯಾಕೆ ಓಡಿಸ್ತಿ ಮಾರಾಯಾ? ಎಲ್ಲಾ ಒಟ್ಟಿಗೆ ಓಡಿಸು."

"ಅದಲ್ಲ ಅಕ್ಕಾ, ಒಂದೇ ಓಡಿಸಿದ್ರೂ ಹಸಿರೇ ಬರ್ಬೇಕಲ್ವಾ?"

"ನಿನ್ನ ಕಂಪ್ಯೂಟರಿನಲ್ಲಿ ಎಂತದ್ದೋ ಹಾಳಾಗಿರ್ಬೇಕು. ನನ್ನ ಕೈಯಿಂದ ಸಮೋಸಾ ತರಿಸ್ಲಿಕ್ಕೆ ನಿನಗೆ ಅಷ್ಟು ಆಸೆಯಾ?"

ನಾನು ಸ್ವರ ಎತ್ತರಿಸಿಯೇ ಹೇಳಿದ್ದೆ. ಆಚೆ ಈಚೆ ಕೂತವರು ನಕ್ಕರು. ಅವನು ನಗಲಿಲ್ಲ. "ಆಯ್ತು ಅಕ್ಕಾ" ಎಂದು ತನ್ನ ಕುರ್ಚಿಗೆ ಹೋದ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಇದೇ ಮಾತನ್ನು ಟೈ ಕಟ್ಟಿದ ಯಾವನೋ ಸಲಹೆಗಾರ ಹೇಳಿದ್ದರೆ ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಿದ್ದೆ.

ಪ್ರೋಗ್ರಾಂ ಕಾರ್ಖಾನೆಗೆ ಹೋಯಿತು. ಅವರು ಮೂರೂ ಸೈರನ್ ಊದಿಸಿ ನೋಡಿದರು, ಮೂರೂ ಊದಿದವು. ಮೊದಲ ಲೈನನ್ನು ತೆಗೆದು ಎರಡನೆಯದನ್ನು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ನನ್ನ ನಲವತ್ತು ಹಾಳೆಗಳಲ್ಲಿ ಪಾಸ್ ಎಂದು ಇತ್ತಲ್ಲ.

ಅದಾಗಿ ಒಂದು ತಿಂಗಳ ಮೇಲೆ, ಜೂನಿನ ಒಂದು ಬುಧವಾರ, ಗಂಡ ಸ್ನಾನ ಮುಗಿಸಿ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. "ಯಾರ್ಡಿನ ಹತ್ತಿರ ಗುಂಡಿ ತೋಡುವವರು ಕೇಬಲ್ ಕಡಿದು ಹಾಕಿದ್ದಾರೆ. ಸೈರನ್ನಿನ ಮೊದಲ ಲೈನ್ ಭಾನುವಾರದವರೆಗೆ ಇಲ್ಲವಂತೆ. ಎರಡನೇದು ಉಂಟಲ್ಲ ಅಂತ ಕೆಲಸ ನಿಲ್ಲಿಸ್ಲಿಲ್ಲ."

ನಾನು ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದೆ. "ಉಂಟು, ಉಂಟು" ಎಂದೆ. ತಿರುಗಿ ಕೂಡ ನೋಡಲಿಲ್ಲ.

ಶುಕ್ರವಾರ ಆಫೀಸಿಗೆ ರಜೆ, ಗಂಡನಿಗೆ ಬೆಳಗಿನ ಶಿಫ್ಟ್. ಸಂಜೆ ಅವನು ಬಂದ ಮೇಲೆ ಮೂವರೂ ಚರ್ಚಿನ ಪೂಜೆಗೆ ಹೋಗುವುದೆಂದು ಇತ್ತು. ಭಾನುವಾರ ಮಗಳಿಗೆ ಸ್ಪೆಲ್ಲಿಂಗ್ ಪರೀಕ್ಷೆ. ನಾನು ಅಡಿಗೆಮನೆಯಲ್ಲಿ ಅಲಸಂಡೆ ಮುರಿಯುತ್ತಾ ಒಂದೊಂದೇ ಶಬ್ದ ಕೂಗುವುದು, ಅವಳು ಹಾಲ್‌ನಲ್ಲಿ ತನ್ನ ಬಿಳಿ ಬೋರ್ಡಿನ ಮೇಲೆ ಬರೆಯುವುದು. ಇಪ್ಪತ್ತು ಶಬ್ದ ಮುಗಿಸಿ ಕೈ ಒರೆಸಿಕೊಂಡು ಹೋಗಿ ನೋಡಿದರೆ ಇಪ್ಪತ್ತೂ ಸರಿ. ನನಗೆ ಸಂತೋಷವೇ ಆಯಿತು. ಆಮೇಲೆ ನೋಡಿದೆ, ಅವಳ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದೇ ಇರಲಿಲ್ಲ.

"ಇದು ಯಾವಾಗ ಬರೆದದ್ದು?"

"ನಿನ್ನೆ. ಸೇಮ್ ವರ್ಡ್ಸ್ ಅಲ್ವಾ ಮಮ್ಮಾ? ಅಳಿಸ್ಲಿಲ್ಲ. ಎಲ್ಲಾ ಕರೆಕ್ಟ್ ಉಂಟು, ನೋಡು."

ನಿನ್ನೆ ಬರೆದದ್ದನ್ನು ಇವತ್ತಿನ ಪರೀಕ್ಷೆಗೆ ತೋರಿಸ್ತೀಯಾ ಎಂದು ಜೋರು ಮಾಡಲು ಬಾಯಿ ತೆರೆದೆ. ಉಳ್ಳಾಲದವನ ಸ್ವರ ಕಿವಿಯಲ್ಲಿ ಕೇಳಿತು. ಒಂದೇ ಓಡಿಸಿದ್ರೆ ಕೆಂಪು ಬರ್ತದೆ ಅಕ್ಕಾ.

ಲ್ಯಾಪ್‌ಟಾಪ್ ತೆಗೆಯುವಾಗ ಬೆರಳಿಗೆ ಅಂಟಿದ್ದ ಅಲಸಂಡೆಯ ನಾರು ಕೀಲಿಗಳ ಮೇಲೆ ಬಿತ್ತು. ಎರಡನೇ ಲೈನಿನ ಪರೀಕ್ಷೆ ಒಂದನ್ನೇ ಓಡಿಸಿದೆ. ಕೆಂಪು. ಇನ್ನೊಮ್ಮೆ ಓಡಿಸಿದೆ, ಕೆಂಪು. ಪ್ರೋಗ್ರಾಂ ಬಿಚ್ಚಿ ನೋಡಿದೆ. ಎರಡನೇ ಲೈನಿನ ನಂಬರನ್ನು ಕಾರ್ಖಾನೆಯವರು ಕೊಟ್ಟ ಮೇಲೆ ತುಂಬಿಸುವ ಎಂದು ಬಿಟ್ಟ ಜಾಗ ಖಾಲಿಯೇ ಇತ್ತು. ತುಂಬಿಸಬೇಕೆಂದು ಯಾರಿಗೂ ನೆನಪಾಗಲಿಲ್ಲ, ಹಸಿರು ಬರುತ್ತಿತ್ತಲ್ಲ. ಆ ಪರೀಕ್ಷೆಯನ್ನು ಸೇರಿಸಿದ್ದೇ ಪೇಪರಿನ ಆ ಸಂಜೆ, ಬುಟ್ಟಿ ಖಾಲಿಯಾಗುವುದು ನಿಂತ ಮೇಲೆ. ಮೊದಲ ಪರೀಕ್ಷೆಯಲ್ಲಿ ಮೊದಲ ಲೈನಿನಿಂದ ಬಂದ "ಯಾರ್ಡ್ ಸೈರನ್ ಊದಿತು" ಎಂಬ ಸಾಲು ಬುಟ್ಟಿಯ ತಳದಲ್ಲಿ ಹಾಗೆಯೇ ಬಿದ್ದಿತ್ತು. ಎರಡನೇ ಲೈನಿನ ಪರೀಕ್ಷೆ ಬಂದು ಕೇಳಿದಾಗಲೆಲ್ಲ ಬುಟ್ಟಿ ಅದೇ ಹಳೆಯ ಸಾಲನ್ನು ತೋರಿಸಿ ಉಂಟು ಎಂದಿತ್ತು. ಮೊದಲ ಲೈನ್ ಬುಧವಾರದಿಂದ ಇಲ್ಲ. ಎರಡನೆಯದು ಯಾವತ್ತೂ ಇರಲೇ ಇಲ್ಲ. ಯಾರ್ಡಿನಲ್ಲಿ ಗ್ಯಾಸ್ ಸೋರಿದರೆ ಕಂಟ್ರೋಲ್ ರೂಮಿನವರಿಗೆ ಕೇಳುತ್ತದೆ, ಕ್ಯಾಂಟೀನಿನಲ್ಲಿ ಚಾ ಕುಡಿಯುವವರಿಗೆ ಕೇಳುತ್ತದೆ, ಗ್ಯಾಸಿನ ಮಧ್ಯೆ ನಿಂತ ಎಂಟು ಜನರಿಗೆ ಕೇಳುವುದಿಲ್ಲ.

ಗಡಿಯಾರದಲ್ಲಿ ಹನ್ನೊಂದೂವರೆ. ಗಂಡನಿಗೆ ಫೋನ್ ಮಾಡಿ ಉಪಯೋಗವಿಲ್ಲ. ಯಾರ್ಡಿನೊಳಗೆ ಮೊಬೈಲ್ ಒಯ್ಯುವಂತಿಲ್ಲ, ಅದು ಲಾಕರಿನಲ್ಲಿರುತ್ತದೆ. ಬಾಸ್‌ಗೆ ಮಾಡಿದೆ, ಸ್ವಿಚ್ ಆಫ್. ಕಂಟ್ರೋಲ್ ರೂಮಿನ ನಂಬರ್ ಇದ್ದದ್ದು ಆಫೀಸಿನ ಸಪೋರ್ಟ್ ಫೋನಿನಲ್ಲಿ ಮಾತ್ರ, ಆ ವಾರ ಆ ಫೋನು ಉಳ್ಳಾಲದವನ ಬಳಿ. ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಶುಕ್ರವಾರ, ನಮಾಜಿನ ಹೊತ್ತು. ಅವನು ಮಸೀದಿಯಲ್ಲಿರಬೇಕು.

ಫ್ರಿಜ್ಜಿನ ಬಾಗಿಲ ಮೇಲೆ ಗಂಡ ಬರೆದು ಅಂಟಿಸಿದ ಒಂದು ನಂಬರಿತ್ತು. ಕಾರ್ಖಾನೆಯ ಗೇಟಿನದ್ದು, ಮನೆಯ ತುರ್ತಿಗೆ ಮಾತ್ರ. ಅದಕ್ಕೆ ಮಾಡಿದೆ. ಗೇಟಿನ ಕಾವಲುಗಾರ ಎತ್ತಿ ಹಿಂದಿಯಲ್ಲಿ ಯಾರು ಬೇಕು ಎಂದು ಕೇಳಿದ. ಗಂಡನ ಬ್ಯಾಡ್ಜ್ ನಂಬರ್ ಹೇಳಿದೆ. ಏನಾಯಿತು ಎಂದ.

ಇಲ್ಲಿ ನಾನು ಹೇಳಬಹುದಾಗಿದ್ದ ಮಾತು ಒಂದೇ ಒಂದು: ಯಾರ್ಡಿನ ಸೈರನ್ ಕೆಲಸ ಮಾಡುವುದಿಲ್ಲ, ಕಂಟ್ರೋಲ್ ರೂಮಿಗೆ ತಿಳಿಸು. ಹೇಳಲಿಲ್ಲ. ಆ ಒಂದು ಕ್ಷಣದಲ್ಲಿ ನಲವತ್ತು ಹಾಳೆ, ನೀಲಿ ಸೀಲು, ನನ್ನ ಸಹಿ, ಆಫೀಸಿನಲ್ಲಿ ನಕ್ಕವರ ಮುಖ, ಎಲ್ಲ ಕಣ್ಣೆದುರು ಬಂತು. ಭಾನುವಾರ ಮೊದಲ ಲೈನು ಸರಿಯಾಗುತ್ತದೆ, ಅಷ್ಟರಲ್ಲಿ ಸದ್ದಿಲ್ಲದೆ ನಂಬರ್ ತುಂಬಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿಯವರೆಗೆ ನನ್ನವನೊಬ್ಬ ಹೊರಗಿದ್ದರೆ ಸಾಕು. ಇದನ್ನೆಲ್ಲ ಯೋಚಿಸಿದೆ ಎಂದರೆ ಸುಳ್ಳಾದೀತು, ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು.

"ಮಗಳಿಗೆ ತುಂಬಾ ಹುಷಾರಿಲ್ಲ. ಅವರನ್ನು ಕೂಡಲೇ ಹೊರಗೆ ಕಳಿಸಿ."

"ಈಗಲೇ ವಾಕಿಟಾಕಿಯಲ್ಲಿ ಹೇಳ್ತೇನೆ ಮೇಡಂ. ಗಾಬರಿಯಾಗ್ಬೇಡಿ. ನಾನೂ ದುವಾ ಮಾಡ್ತೇನೆ" ಎಂದ ಆ ಮನುಷ್ಯ.

ಫೋನಿಟ್ಟಾಗ ಮಗಳು ಬೋರ್ಡು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. "ನನಗೆ ಎಂತ ಆಗಿದೆ ಮಮ್ಮಾ?" ಎಂದು ಕೇಳಿದಳು.

ಆಗ ನನಗೆ ಹೇಸಿಗೆಯಾಯಿತು, ನನ್ನ ಮೇಲೆಯೇ. ಆ ಯಾರ್ಡಿನಲ್ಲಿ ಇನ್ನೂ ಏಳು ಜನ. ಅವರಲ್ಲೊಬ್ಬರು ಕಾಪುವಿನ ಹಿರಿಯರು, ತಂಡದಲ್ಲೇ ದೊಡ್ಡವರು. ಪ್ರತಿ ರಜೆಯಿಂದ ಬರುವಾಗ ನಮ್ಮ ಮಗಳಿಗೆಂದು ಹಲಸಿನ ಹಪ್ಪಳ ತರುವವರು. ಅವರ ಹೆಂಡತಿಗೆ ಗೇಟಿನ ನಂಬರ್ ಗೊತ್ತಿದ್ದರೂ ಮಾಡಲು ಕಾರಣ ಗೊತ್ತಿರಲಿಲ್ಲ. ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಗೇಟಿಗೆ ಮತ್ತೆ ಮಾಡಿದೆ. ಎಂಗೇಜ್. ಮತ್ತೆ ಮಾಡಿದೆ, ಮತ್ತೆ ಎಂಗೇಜ್.

ಮಗಳ ಕೈ ಹಿಡಿದು ಕೆಳಗಿಳಿದು ಟ್ಯಾಕ್ಸಿ ಹತ್ತಿದೆ. ಗುದೈಬಿಯಾ ಎಂದೆ. ದಾರಿಯುದ್ದಕ್ಕೂ ಗೇಟಿನ ನಂಬರ್ ಒತ್ತುತ್ತಲೇ ಇದ್ದೆ. ಉಳ್ಳಾಲದವನ ಮನೆಯ ಹತ್ತಿರದ ಮಸೀದಿ ನನಗೆ ಗೊತ್ತಿತ್ತು, ಅವನ ಮಗನ ಹುಟ್ಟುಹಬ್ಬಕ್ಕೆ ಬಂದಾಗ ನೋಡಿದ್ದೆ. ಒಳಗೆ ಜಾಗ ಸಾಲದೆ ಜನ ಹೊರಗಿನ ರಸ್ತೆಯ ಮೇಲೂ ಚಾಪೆ ಹಾಸಿ ಕೂತಿದ್ದರು. ಮೈಕಿನಲ್ಲಿ ಖುತ್ಬಾ ಪ್ರವಚನ ನಡೆಯುತ್ತಿತ್ತು. ಆ ಬಿಸಿಲಿನಲ್ಲಿ ನೂರಾರು ಚಪ್ಪಲಿಗಳ ಸಾಲಿನ ಆಚೆ, ಒಂದು ಹೋಟೆಲಿನ ಮಾಡಿನ ಕೆಳಗೆ, ಮಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿಕೊಂಡು ನಿಂತೆ. ಅವನು ಎಲ್ಲಿದ್ದಾನೆ ಎಂದು ಹುಡುಕಿದೆ. ಎಲ್ಲ ಬೆನ್ನುಗಳೂ ಒಂದೇ. ನಮಾಜಿನ ನಡುವೆ ನುಗ್ಗಿ ಕರೆಯುವುದು ಹೇಗೆ? ಕರೆಯಬೇಕಿತ್ತು ಎಂದು ಈಗ ಅನಿಸುತ್ತದೆ. ಆಗ ಗೇಟಿನ ನಂಬರನ್ನೇ ಮತ್ತೊಮ್ಮೆ ಒತ್ತಿದೆ.

ಅಷ್ಟರಲ್ಲಿ ಗಂಡನ ಫೋನು ಬಂತು. ಗೇಟಿನ ಹೊರಗಿನಿಂದ ಮಾಡಿದ್ದ, ಏದುಸಿರು ಬಿಡುತ್ತಿದ್ದ.

"ಮಗಳಿಗೆ ಎಂತ ಆಯ್ತು? ಯಾವ ಆಸ್ಪತ್ರೆ?"

"ಮಗಳಿಗೆ ಏನೂ ಆಗ್ಲಿಲ್ಲ. ನನ್ನ ಜೊತೆಯೇ ಇದ್ದಾಳೆ. ನೀನು ಹೊರಗೆ ಬಂದಿಯಲ್ಲ? ಅಲ್ಲೇ ಇರು. ಒಳಗೆ ಹೋಗ್ಬೇಡ" ಎಂದೆ. ಆಮೇಲೆ ಸೈರನ್ನಿನ ವಿಷಯ ಹೇಳಿದೆ, ನಾಲ್ಕು ವಾಕ್ಯದಲ್ಲಿ.

"ಕಂಟ್ರೋಲ್ ರೂಮಿಗೆ ಹೇಳಿದ್ದಿಯಾ?"

"ಇನ್ನೂ ಇಲ್ಲ."

"ಅವರೆಲ್ಲ ಒಳಗೇ ಇದ್ದಾರಲ್ಲ" ಎಂದ. ಬೈಯಲಿಲ್ಲ, ಸ್ವರ ಏರಿಸಲಿಲ್ಲ. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ರಿಂಗಾಗುತ್ತಲೇ ಇತ್ತು. ಅವನು ಫೋನನ್ನು ಲಾಕರಿನಲ್ಲಿಟ್ಟು ವಾಪಸ್ ಒಳಗೆ ಹೋಗಿದ್ದಾನೆ ಎಂದು ನನಗೆ ಗೊತ್ತಾಯಿತು.

ಜೀವನದಲ್ಲಿ ಅಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ. ಮನಸ್ಸಿನಲ್ಲೇ ನಮೋರಾಣಿ ಪ್ರಾರ್ಥನೆ ಹೇಳತೊಡಗಿದೆ, ಅರ್ಧಕ್ಕೆ ಮರೆತುಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಮಗಳು ನೀರು ಕೇಳಿದಳು. ಹೋಟೆಲಿನವ ಒಂದು ಲೋಟ ತಂದುಕೊಟ್ಟು ಒಳಗೆ ಬಂದು ಕೂತುಕೊಳ್ಳಿ ಎಂದ. ನಾನು ಕೂರಲಿಲ್ಲ. ಸಿತ್ರಾ ಕಡೆಯ ಆಕಾಶ ಅಲ್ಲಿಂದ ಕಾಣುವುದಿಲ್ಲ, ಆದರೂ ಕಟ್ಟಡಗಳ ಸಂದಿನಿಂದ ಆ ದಿಕ್ಕಿಗೇ ನೋಡುತ್ತಿದ್ದೆ.

ನಮಾಜು ಮುಗಿದು ಜನ ಎದ್ದರು. ಚಪ್ಪಲಿ ಹುಡುಕುವವರ ಗುಂಪಿನಲ್ಲಿ ಉಳ್ಳಾಲದವ ಕಾಣಿಸಿದ. ನನ್ನನ್ನು ಅಲ್ಲಿ ನೋಡಿ ಅವನ ಮುಖ ಬದಲಾಯಿತು.

"ಅಕ್ಕಾ, ನೀವು ಇಲ್ಲಿ?"

"ನೀನು ಹೇಳಿದ್ದು ಸರಿ. ಒಂದೇ ಓಡಿಸಿದ್ರೆ ಕೆಂಪು. ಬುಟ್ಟಿ ಖಾಲಿ ಮಾಡುವ ಸಾಲನ್ನು ನಾನೇ ಅಳಿಸಿದ್ದು. ಯಾರ್ಡಿನ ಮೊದಲ ಲೈನ್ ಬುಧವಾರದಿಂದ ಇಲ್ಲ. ನನ್ನ ಗಂಡ ಒಳಗಿದ್ದಾನೆ."

ಬೇರೆಯವನಾಗಿದ್ದರೆ ಒಂದು ಮಾತು ಅಂದೇ ಅನ್ನುತ್ತಿದ್ದ. ನಾನಾಗಿದ್ದರೆ ನಾಲ್ಕು ಅನ್ನುತ್ತಿದ್ದೆ. ಅವನು ಒಂದು ಚಪ್ಪಲಿ ಮಾತ್ರ ಹಾಕಿಕೊಂಡು ಅಲ್ಲೇ ನಿಂತು, ಜೇಬಿನಿಂದ ಸಪೋರ್ಟ್ ಫೋನ್ ತೆಗೆದು ಕಂಟ್ರೋಲ್ ರೂಮಿಗೆ ಮಾಡಿ, ವಿಷಯ ಹೇಳಿ, ಫೋನು ನನ್ನ ಕೈಗೆ ಕೊಟ್ಟ. "ಪೇಪರಿಗೆ ಸಹಿ ಹಾಕಿದವರೇ ಮಾತಾಡ್ಬೇಕಂತೆ ಅಕ್ಕಾ."

ಆ ಕಡೆ ಇದ್ದದ್ದು ಡ್ಯೂಟಿ ಆಫೀಸರ್, ಈ ದೇಶದವರೇ. ಸಮಾಧಾನದ ಸ್ವರ. "ಸಿಸ್ಟರ್, ನಿಮ್ಮ ಪೇಪರ್ ನನ್ನ ಎದುರಿಗೇ ಇದೆ. ಯಾರ್ಡ್, ಎರಡನೇ ಲೈನ್, ಪಾಸ್. ಸಹಿ ಇದೆ, ಸೀಲ್ ಇದೆ. ಖಲಾಸ್. ಈಗಷ್ಟೇ ಯಾರ್ಡಿನಿಂದ ಒಬ್ಬ ಬಂದು ಇದನ್ನೇ ಹೇಳಿದ. ಅವನಿಗೂ ಪೇಪರ್ ತೋರಿಸಿದೆವು."

ಆ ಒಬ್ಬ ಯಾರೆಂದು ಕೇಳುವ ಅಗತ್ಯ ಇರಲಿಲ್ಲ. ಕಾಗದ ತೋರಿಸಿ ಅವನ ಬಾಯಿ ಮುಚ್ಚಿಸಿದ್ದರು. ಅದಕ್ಕೆ ನನ್ನದೇ ಸಹಿ.

"ಆ ಪೇಪರ್ ತಪ್ಪು" ಎಂದೆ. "ಸಹಿ ಹಾಕಿದವಳು ನಾನು. ಆ ಪರೀಕ್ಷೆ ಪಾಸಾಗಿಲ್ಲ, ಪಾಸಾದ ಹಾಗೆ ಕಂಡದ್ದು ನನ್ನ ತಪ್ಪಿನಿಂದ. ಯಾರ್ಡಿನ ಸೈರನ್ ಈಗ ಊದುವುದಿಲ್ಲ."

"ಈ ಫೋನ್ ರೆಕಾರ್ಡ್ ಆಗ್ತದೆ, ಗೊತ್ತಲ್ಲ? ನಿಮ್ಮ ಹೆಸರಿನಲ್ಲಿ ಬರೆದುಕೊಳ್ಳಲಾ?"

"ಬರೆದುಕೊಳ್ಳಿ. ಯಾರ್ಡ್ ನಿಲ್ಲಿಸಿ."

ಅವರು ಒಂದು ಉಸಿರು ಬಿಟ್ಟದ್ದು ಕೇಳಿತು. ಆಮೇಲೆ ಫೋನಿನಿಂದ ದೂರ ತಿರುಗಿ ಅರಬಿಯಲ್ಲಿ ಯಾರಿಗೋ ಗಟ್ಟಿಯಾಗಿ ಏನೋ ಹೇಳಿದರು. ಕುರ್ಚಿ ಸರಿದ ಸದ್ದು. ಗಂಟೆ ಹನ್ನೆರಡೂ ಕಾಲು.

ಸುಮಾರು ಹೊತ್ತಿನ ಮೇಲೆ ಗಂಡನ ನಂಬರಿನಿಂದ ಕರೆ ಬಂತು. "ಎಲ್ಲರೂ ಗೇಟಿನ ಹೊರಗೆ ಇದ್ದೇವೆ" ಎಂದ, ಅಷ್ಟೇ. ನಾನು ಆ ಚಪ್ಪಲಿಗಳ ಪಕ್ಕದಲ್ಲಿ, ಅಷ್ಟು ಜನರೆದುರು, ಮಗಳನ್ನು ಅಪ್ಪಿಕೊಂಡು ಅತ್ತೆ. ಉಳ್ಳಾಲದವ ಸ್ವಲ್ಪ ದೂರ ಹೋಗಿ ಎರಡನೇ ಚಪ್ಪಲಿ ಹುಡುಕುವವನ ಹಾಗೆ ನಿಂತಿದ್ದ.

ಗ್ಯಾಸ್ ಸೋರಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ಸಂಜೆ ಪೂಜೆಗೆ ಹೋದೆವು, ಮೂವರೂ ಒಂದೇ ಬೆಂಚಿನಲ್ಲಿ ಕೂತೆವು. ಮನೆಗೆ ಬಂದ ಮೇಲೆ ಅವನು ಬೂಟು ಬಿಚ್ಚುತ್ತಾ ಕೇಳಿದ.

"ಗೇಟಿನ ಪುಸ್ತಕದಲ್ಲಿ ನನ್ನನ್ನು ಕರೆದದ್ದು ಹನ್ನೊಂದು ಮೂವತ್ತೈದಕ್ಕೆ ಅಂತ ಉಂಟು. ಯಾರ್ಡ್ ನಿಲ್ಲಿಸಿದ್ದು ಹನ್ನೆರಡೂ ಕಾಲಿಗೆ. ಆ ನಲವತ್ತು ನಿಮಿಷ ಎಂತ ಮಾಡ್ತಿದ್ದಿ?"

"ಕಂಟ್ರೋಲ್ ರೂಮಿನ ನಂಬರ್ ಇರ್ಲಿಲ್ಲ."

"ಗೇಟಿನವನಿಗೆ ಹೇಳ್ಬಹುದಿತ್ತಲ್ಲ."

ನಾನು ಅವನ ಬೂಟುಗಳನ್ನು ಎತ್ತಿ ಬಾಗಿಲ ಹಿಂದೆ ಇಟ್ಟೆ. ಎರಡನೇ ಸಲ ಅವನು ಕೇಳಲಿಲ್ಲ. ಅದರ ಬದಲು ಜಗಳವಾಡಿದ್ದರೆ ಚೆನ್ನಾಗಿತ್ತು, ಜಗಳದಲ್ಲಿ ನಾನು ಗಟ್ಟಿ.

ಶನಿವಾರ ಸಂಜೆ ಆಫೀಸಿನ ಎಂಟು ಜನರಿಗೆಂದು ಸಮೋಸಾಕ್ಕೆ ಆಲೂಗಡ್ಡೆ ಬೇಯಿಸಿದೆ. ಅಂಗಡಿಯದ್ದನ್ನು ಕೊಟ್ಟು ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಗಂಡ ಬಾಗಿಲಲ್ಲಿ ನಿಂತು ನೋಡಿದ. "ಯಾರ್ಡಿಗೂ ಎಂಟು ಮಾಡು. ನಾನು ಹಂಚುದಿಲ್ಲ. ಬಸ್ಸಿನ ಹತ್ತಿರ ಬಂದು ನೀನೇ ಹೇಳಿ ಕೊಡು" ಎಂದ.

ಭಾನುವಾರ ಬೆಳಿಗ್ಗೆ ಐದಕ್ಕೆ ಕರಿದು, ಡಬ್ಬಿಗೆ ತುಂಬಿಸಿ, ಅವನ ಹಿಂದೆಯೇ ಕೆಳಗಿಳಿದೆ. ಐದೂವರೆಗೆಲ್ಲ ಬಿಸಿಲು ಬಿದ್ದಿತ್ತು. ಬಸ್ಸು ಬಂತು. ತಂಡದವರೆಲ್ಲ ಹಿಂದಿನ ಸೀಟುಗಳಲ್ಲಿದ್ದರು. ಕಾಪುವಿನ ಹಿರಿಯರು ಡಬ್ಬಿ ನೋಡಿ, "ಎಂತ ವಿಶೇಷ ಅಮ್ಮಾ? ಮಗಳ ಹುಟ್ಟುಹಬ್ಬವಾ?" ಎಂದು ಕೇಳಿದರು.

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕನ್ನಡದಲ್ಲಿ ಒಮ್ಮೆ, ಉಳಿದವರಿಗಾಗಿ ಹಿಂದಿಯಲ್ಲಿ ಒಮ್ಮೆ ಹೇಳಿದೆ. ಸೈರನ್ ಊದದಿದ್ದದ್ದು ನನ್ನ ತಪ್ಪಿನಿಂದ ಎಂದೆ. "ಸೋರ್ಲಿಲ್ಲ ಅಲ್ವಾ ಅಮ್ಮಾ, ದೇವರು ದೊಡ್ಡವ" ಎಂದರು ಹಿರಿಯರು. ಅಲ್ಲಿಗೆ ಮುಗಿಸಬಹುದಿತ್ತು. ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ. ನಾನು ಮುಂದುವರಿಸಿ, ಗೊತ್ತಾದ ಮೇಲೂ ಮೊದಲು ಗೇಟಿಗೆ ಮಾಡಿ ಇವನೊಬ್ಬನನ್ನು ಹೊರಗೆ ಕರೆಸಿದೆ, ನೀವೆಲ್ಲ ನಲವತ್ತು ನಿಮಿಷ ಒಳಗೇ ಇದ್ದಿರಿ ಎಂದೆ. ಹಿರಿಯರು ತಲೆ ತಗ್ಗಿಸಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. "ಬಿಸಿ ಉಂಟು" ಎಂದರು. ಡ್ರೈವರ್ ಹಾರ್ನ್ ಹಾಕಿದ, ಇಳಿದೆ.

ಆಫೀಸಿನಲ್ಲೂ ನಿಂತು ಹೇಳಿದೆ, ಹಂಚಿದೆ. ಉಳ್ಳಾಲದವ ತನ್ನದನ್ನು ತಿಂದು, ಕೈ ಒರೆಸಿ, ಬುಟ್ಟಿಯನ್ನು ಖಾಲಿ ಮಾಡುವ ಸಾಲನ್ನು ಮೊದಲಿನ ಜಾಗದಲ್ಲೇ ಬರೆದ. ಪ್ರಿಂಟಿಗೆ ಬೇರೊಂದು ಪಟ್ಟಿ ಇಟ್ಟ. ಎರಡು ನಿಮಿಷದ ಕೆಲಸ. ಬಾಸ್ ನನಗೆ ವಾರ್ನಿಂಗ್ ಲೆಟರ್ ಕೊಟ್ಟರು, ಅದಕ್ಕೂ ನೀಲಿ ಸೀಲು ಇತ್ತು. ಪರೀಕ್ಷೆಯ ಕಾಗದಗಳಿಗೆ ಸಹಿ ಹಾಕುವುದು ಅಂದಿನಿಂದ ಉಳ್ಳಾಲದವನ ಕೆಲಸ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ.

ಸಂಜೆ ಗಂಡ ಬಂದು ಡಬ್ಬಿಯನ್ನು ಅಡಿಗೆಮನೆಯಲ್ಲಿಟ್ಟ. ತೊಳೆಯಲು ಮುಚ್ಚಳ ತೆಗೆದರೆ ಒಳಗೆ ಒಂದು ಸಮೋಸಾ ಹಾಗೆಯೇ ಇತ್ತು.

"ಯಾರು ತಿನ್ಲಿಲ್ಲ?" ಎಂದು ಕೇಳಿದೆ. ಕಾಪುವಿನ ಹಿರಿಯರು ಇರಬೇಕು ಎಂದು ಹೆದರಿದ್ದೆ.

"ಅವರೆಲ್ಲ ತಿಂದ್ರು. ಅದು ನನ್ನದು."

"ಯಾಕೆ?"

ಅವನು ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಂಡು, ನನ್ನ ಮುಖ ನೋಡಿದ. "ತೊಂದರೆಗೆ ಸಿಕ್ಕಿದವರು ಮಾತ್ರ ತಿನ್ನುದು ಅಂತ ನೀನೇ ಹೇಳ್ತಿದ್ದಿಯಲ್ಲ. ನನ್ನನ್ನು ನೀನು ಮೊದಲೇ ಹೊರಗೆ ಕರೆದಿದ್ದಿ."

ಹಾಲ್‌ನಿಂದ ಮಗಳು ಅವನನ್ನು ಕರೆದಳು, ಹೋದ. ಆ ಸಮೋಸಾವನ್ನು ತಿನ್ನಲೂ ಆಗದೆ ಬಿಸಾಡಲೂ ಆಗದೆ ಮುಚ್ಚಳ ಹಾಕಿ ಫ್ರಿಜ್ಜಿನೊಳಗೆ ಇಟ್ಟೆ. ಆ ಡಬ್ಬಿಯನ್ನು ಖಾಲಿ ಮಾಡಲು ನನಗೆ ಮೂರು ದಿನ ಬೇಕಾಯಿತು.